ಪೈಲ್ಸ್ ಅಂದುಕೊಂಡಿದ್ದ ಗಂಟು

ಜನವರಿ, ಕಾಫಿ ಕೊಯ್ಲಿನ ಸಮಯ. ವಿರಾಜಪೇಟೆ ಕಡೆಯ ತೋಟದ ಲೈನ್ ಮನೆಯಿಂದ ಅರವತ್ತು ದಾಟಿದ ಹೆಂಗಸೊಬ್ಬರು ಮಗಳ ಜೊತೆ ಬಂದರು. "ಪೈಲ್ಸ್ ಡಾಕ್ಟ್ರೇ, ಆರು ತಿಂಗಳಿಂದ ರಕ್ತ ಹೋಗ್ತಿದೆ" ಅಂದರು. ಚೀಟಿಗಳ ತುಂಬಾ ಮುಲಾಮು, ಮಲ ಸಡಿಲ ಮಾಡುವ ಪುಡಿ, ಮತ್ತೆ ಮುಲಾಮು. ಬೆರಳು ಹಾಕಿ ನೋಡಿದವರು ಯಾರೂ ಇರಲಿಲ್ಲ. ನಾಚಿಕೆಯಿಂದ ಅವರೇ ಬೇಡ ಅಂದಿದ್ದರಂತೆ. ನನ್ನ ಹತ್ರವೂ ಬೇಡವೆಂದರು. ಸಿಸ್ಟರ್ ಎಡ ಮಗ್ಗುಲಿಗೆ ಮಲಗಿಸಿ, ಬಟ್ಟೆ ಹೊದಿಸಿ, ಈ ಸಲದ ಕೊಯ್ಲಿನ ಮಾತು ತೆಗೆದ ಮೇಲೆ ಒಪ್ಪಿದರು.

ಒಳಗಿನ ಪೈಲ್ಸ್ ಬೆರಳಿಗೆ ಸಿಗುವುದೇ ಕಷ್ಟ. ಮೆತ್ತಗಿರುತ್ತದೆ, ಒತ್ತಿದರೆ ಚಪ್ಪಟೆಯಾಗುತ್ತದೆ. ಇದು ಹಾಗಿರಲಿಲ್ಲ. ಬಲಿತ ನೆಲ್ಲಿಕಾಯಿಯಷ್ಟು ದಪ್ಪ, ಗಟ್ಟಿ, ದಪ್ಪ ತೊಟ್ಟಿನ ಮೇಲೆ ಅಲ್ಲಾಡುತ್ತಿತ್ತು. ಅಂಗಾತ ಮಲಗಿದವರ ಗುದದ ಬಾಯಿಯನ್ನು ಗಡಿಯಾರದ ಮುಖ ಅಂದುಕೊಂಡರೆ, ಪೈಲ್ಸ್ ಸಾಮಾನ್ಯವಾಗಿ 3, 7, 11 ಗಂಟೆಯ ಜಾಗದಲ್ಲಿ ಇರುತ್ತದೆ. ಇದು 5ರ ಹತ್ರ. ಗುದದ ಒಳಗೆ ನೋಡುವ ಕೊಳವೆ, ಪ್ರಾಕ್ಟೋಸ್ಕೋಪ್ ಹಾಕಿದೆ. ತೆಳು ಗುಲಾಬಿ ಗಂಟು, ಬುಡದಲ್ಲಿ ಮಾತ್ರ ಶಾಯಿ ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದಾ ಅಂತ ಒಂದು ಕ್ಷಣ ನನಗೂ ಅನ್ನಿಸಿತು. ಆದರೆ ಪೈಲ್ಸ್‌ನಲ್ಲಿ ಹಾಗಾದರೆ ಮುಟ್ಟಲು ಬಿಡದಷ್ಟು ನೋವಿರುತ್ತದೆ. ಇವರಿಗೆ ನೋವೇ ಇರಲಿಲ್ಲ. ತೊಡೆಸಂದಿಯಲ್ಲಿ ಒಂದು ಗಡ್ಡೆಯೂ ಕೈಗೆ ಸಿಕ್ಕಿತು.

ಗಂಟಿನ ಚೂರು ತೆಗೆದು, ಕೆಡದಂತೆ ಇಡುವ ಫಾರ್ಮಲಿನ್ ದ್ರವದ ಡಬ್ಬಿಗೆ ಹಾಕಿ ಮೈಸೂರಿನ ಲ್ಯಾಬಿಗೆ ಕಳಿಸಿದೆ. ಚೀಟಿಯಲ್ಲಿ ಸುಮ್ನೆ 'ಗುದದ ಗಂಟು' ಅಂತ ಬರೆಯದೆ, ಕಪ್ಪು ಚುಕ್ಕೆ ಇದೆ, ಮೆಲನೋಮ ಇರಬಹುದಾ ನೋಡಿ ಅಂತ ಬರೆದೆ. ಮೆಲನೋಮ ಅಂದರೆ ಬಣ್ಣ ಮಾಡುವ ಕಣಗಳ ಕ್ಯಾನ್ಸರ್. ಹೀಗೆ ಬರೆಯುವುದು ಮುಖ್ಯ. ಗುದದ ಭಾಗದ ಕ್ಯಾನ್ಸರ್‌ಗಳಲ್ಲಿ ಮೆಲನೋಮ ಸುಮಾರು 1% ಅಷ್ಟೇ. ಬಣ್ಣವೇ ಇಲ್ಲದ ಮೆಲನೋಮಗಳೂ ಇವೆ, ಲ್ಯಾಬಿನವರು ಚೂರಿಗೆ ಹಾಕುವ ಬರೀ ಮಾಮೂಲಿ ಬಣ್ಣದಲ್ಲಿ (ಸ್ಟೇನ್) ಅವು ಲಿಂಫೋಮಾ ಎಂಬ ದುಗ್ಧಗ್ರಂಥಿಯ ಕ್ಯಾನ್ಸರ್ ಅಥವಾ ಬೇರೆ ಕ್ಯಾನ್ಸರ್ ಹಾಗೆ ಕಾಣುತ್ತವೆ. ಮೊದಲ ರಿಪೋರ್ಟ್ ಕೂಡ 'ಕೆಟ್ಟ ಗಡ್ಡೆ, ಬಗೆ ಖಚಿತವಿಲ್ಲ' ಎಂದೇ ಬಂತು. ಕಣದ ಬಗೆ ಹೇಳುವ ಗುರುತುಗಳನ್ನು ಹುಡುಕುವ ಇಮ್ಯುನೋ ಪರೀಕ್ಷೆ ಮಾಡಿಸಿದೆವು. ಮಾಮೂಲಿ ಕ್ಯಾನ್ಸರ್‌ನ ಗುರುತು ಸೈಟೋಕೆರಟಿನ್ ನೆಗೆಟಿವ್, ಲಿಂಫೋಮಾದ ಗುರುತು ಎಲ್‌ಸಿಎ ನೆಗೆಟಿವ್. ಮೆಲನೋಮದ ಗುರುತುಗಳಾದ ಎಸ್-100, ಎಚ್‌ಎಂಬಿ-45, ಸಾಕ್ಸ್-10 ಪಾಸಿಟಿವ್. ಮೆಲನೋಮವೇ, ಅಲ್ಲಿಗೆ ಅನುಮಾನ ಮುಗಿಯಿತು.

ಇದು ಬೇರೆ ಕಡೆಯಿಂದ ಹರಡಿ ಬಂದಿದ್ದಾ ಅಂತ ತಿಳಿಯಲು ಅಂಗಾಲು, ಉಗುರಿನ ಬುಡ, ನೆತ್ತಿ ಎಲ್ಲಾ ಹುಡುಕಿದೆ. ಕಣ್ಣಿನ ಡಾಕ್ಟರ್ ಹತ್ರ ಕಳಿಸಿದೆ. ಎಲ್ಲೂ ಇಲ್ಲ. ಆಮೇಲೆ ಎಂಆರ್‌ಐ, ಪೆಟ್ ಸ್ಕ್ಯಾನ್‌ಗೆ ಕೆಳಗೆ ಇಳಿಯಲೇಬೇಕು, ನಮ್ಮ ಮಡಿಕೇರಿ ಬೆಟ್ಟದವರ ಪಾಡು ಇದೇ ಅಲ್ವಾ.

"ಬಿಸಿಲಲ್ಲಿ ದುಡಿದಿದ್ದಕ್ಕಾ?" ಅಂತ ಮಗಳು ಕೇಳಿದಳು. ಇಲ್ಲಮ್ಮ ಅಂದೆ. ಚರ್ಮದ ಮೆಲನೋಮಕ್ಕೆ ಬಿಸಿಲಿನ ನಂಟಿದೆ, ಇದಕ್ಕಿಲ್ಲ. ಬಣ್ಣ ಮಾಡುವ ಮೆಲನೊಸೈಟ್ ಕಣಗಳು ಗುದದ ಒಳಗೂ ಇರುತ್ತವೆ, ಅಲ್ಲೇ ಹುಟ್ಟುತ್ತದೆ. ಅಮ್ಮ ಏನೂ ಕೇಳಲಿಲ್ಲ. ರೋಗ ತೊಡೆಸಂದಿಗೆ ಹೋಗಿದ್ದರಿಂದ ಭರವಸೆಯ ಮಾತು ನನ್ನ ಹತ್ರವೂ ಜಾಸ್ತಿ ಇರಲಿಲ್ಲ.

ಆ ರಾತ್ರಿ ಬೇರೆಯದೇ ಒಂದು ನೆನಪಾಗಿ ನಿದ್ದೆ ಬರಲಿಲ್ಲ. ಮೊದಲ ವರ್ಷಗಳಲ್ಲಿ ಎಷ್ಟೋ ಪೈಲ್ಸ್ ಕತ್ತರಿಸಿ ನೇರ ಆಸ್ಪತ್ರೆ ಕಸದ ಹಳದಿ ಚೀಲಕ್ಕೆ ಹಾಕಿದ್ದೇನೆ. ಒಂದನ್ನೂ ಬಯಾಪ್ಸಿಗೆ ಕಳಿಸಿರಲಿಲ್ಲ. ಈಗ ಪೈಲ್ಸ್ ಆಪರೇಷನ್ ಇದ್ದ ದಿನ ಟ್ರೇ ಪಕ್ಕದಲ್ಲಿ ಫಾರ್ಮಲಿನ್ ಡಬ್ಬಿ ಇಟ್ಟಿರಬೇಕು, ಹೆಸರು ಮೊದಲೇ ಬರೆದಿರಬೇಕು ಅಂತ ಸಿಸ್ಟರ್‌ಗೆ ಹೇಳಿಟ್ಟಿದ್ದೇನೆ.