ಅಮೆರಿಕಕ್ಕೆ ಬಂದಿರೋ ಆರ್ಕಿಟೆಕ್ಟ್‌ಗಳೇ, ಲೈಸೆನ್ಸ್ ಕೆಲಸ ಮೊದಲನೇ ವರ್ಷದಿಂದಾನೇ ಹಿಡೀರಿ

ಊರಲ್ಲಿ ಐದು ವರ್ಷ ಬಿ.ಆರ್ಕ್ ಓದಿ, ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ರಿಜಿಸ್ಟರ್ ಆಗಿ, ಒಂದೆರಡು ಮನೆ ಕಟ್ಸಿ ಇಲ್ಲಿಗೆ ಬಂದೋರಿಗೆ ಹೊಟ್ಟೆ ಉರಿಯೋ ವಿಷಯ ಮೊದಲೇ ಹೇಳ್ಬಿಡ್ತೀನಿ, ಇಲ್ಲಿ ನೀವು ಆರ್ಕಿಟೆಕ್ಟ್ ಅಂತ ಹೇಳ್ಕೊಳ್ಳೋ ಹಾಗಿಲ್ಲ. ರಾಜ್ಯದ ಬೋರ್ಡ್ ಲೈಸೆನ್ಸ್ ಕೊಡೋವರೆಗೂ ವಿಸಿಟಿಂಗ್ ಕಾರ್ಡ್ ಮೇಲೂ ಇಲ್ಲ, ಲಿಂಕ್ಡ್‌ಇನ್ ಮೇಲೂ ಇಲ್ಲ, ಕಾನೂನೇ ಹಾಗಿದೆ. ಆಫೀಸಲ್ಲಿ ನಿಮ್ಮನ್ನ ಡಿಸೈನರ್ ಅಂತಾನೋ ಜಾಬ್ ಕ್ಯಾಪ್ಟನ್ ಅಂತಾನೋ ಕರೀತಾರೆ, ಡ್ರಾಯಿಂಗ್ ಪೂರ್ತಿ ನೀವೇ ಮಾಡಿದ್ರೂ ಸೀಲ್ ಬೀಳೋದು ಇನ್ನೊಬ್ಬರದ್ದು.

ತುಂಬಾ ಜನ ಇಲ್ಲೇ ನಿಂತ್ಬಿಡ್ತಾರೆ. ಸಂಬಳ ಬರ್ತಿದೆ, ವೀಸಾ ಇದೆ, ಲೈಸೆನ್ಸ್ ಆಮೇಲೆ ನೋಡೋಣ ಅಂತ. ಆಮೇಲೆ ಮಕ್ಕಳು, ಮನೆ ಸಾಲ, ಗ್ರೀನ್ ಕಾರ್ಡ್ ಕ್ಯೂ, ನೋಡ್ತಾ ನೋಡ್ತಾ ಹತ್ತು ವರ್ಷ ಹೋಗಿರತ್ತೆ. ಇದನ್ನ ನೋಡಿ ನೋಡಿ ಬೇಜಾರಾಗಿದೆ ನಂಗೆ, ಅದಕ್ಕೇ ಇಷ್ಟು ಉದ್ದ ಬರೀತಿರೋದು.

ಲೈಸೆನ್ಸ್‌ಗೆ ಬೇಕಾಗಿರೋದು ಓದು, ಅನುಭವ, ಪರೀಕ್ಷೆ. ಕೊಡೋದು ಆಯಾ ರಾಜ್ಯದ ಬೋರ್ಡ್, ಆದ್ರೆ ಲೆಕ್ಕ ಇಡೋದು, ಪರೀಕ್ಷೆ ನಡ್ಸೋದು ಎನ್‌ಕಾರ್ಬ್ ಅನ್ನೋ ಸಂಸ್ಥೆ. ಬಂದ ತಕ್ಷಣ ಅಲ್ಲಿ ಒಂದು ರೆಕಾರ್ಡ್ ಓಪನ್ ಮಾಡಿ.

ಓದಿನ ವಿಷಯದಲ್ಲೇ ನಮ್ಮವರು ಜಾಸ್ತಿ ಸಿಕ್ಕಿಹಾಕ್ಕೊಳ್ಳೋದು. ಇಲ್ಲಿ ಮಾಸ್ಟರ್ಸ್ ಮಾಡಿದ್ದೀನಲ್ಲ, ಮುಗೀತು ಅಂದ್ಕೋಬೇಡಿ. ಇಲ್ಲಿನ ಆರ್ಕಿಟೆಕ್ಚರ್ ಕೋರ್ಸುಗಳಿಗೆ ಮಾನ್ಯತೆ ಕೊಡೋ ಸಂಸ್ಥೆ ನಾಬ್, ಮಾಸ್ಟರ್ಸ್‌ಗಳಲ್ಲಿ ಅದರ ಮಾನ್ಯತೆ ಇರೋದು ಪ್ರೊಫೆಷನಲ್ ಎಂ.ಆರ್ಕ್‌ಗೆ ಮಾತ್ರ, ಬಿ.ಆರ್ಕ್ ಆದೋರು ಸಾಮಾನ್ಯವಾಗಿ ಸೇರೋ ಒಂದೂವರೆ ಎರಡು ವರ್ಷದ ಪೋಸ್ಟ್ ಪ್ರೊಫೆಷನಲ್ ಕೋರ್ಸು, ಎಂ.ಎಸ್, ಅರ್ಬನ್ ಡಿಸೈನ್ ಇವೆಲ್ಲ ಅದರಲ್ಲಿ ಬರಲ್ಲ. ಇನ್ನೂ ಅಡ್ಮಿಷನ್ ಆಗಿಲ್ಲ ಅಂದ್ರೆ ಕಾಲೇಜಿಗೆ ಇದನ್ನ ಬಾಯ್ಬಿಟ್ಟು ಕೇಳಿ. ಜೊತೆಗೆ ಐ-20 ಮೇಲೆ, ಅಂದ್ರೆ ವೀಸಾಕ್ಕೆ ಕಾಲೇಜು ಕೊಡೋ ಕಾಗದದ ಮೇಲೆ, ಕೋರ್ಸಿಗೆ ಯಾವ ಕೋಡ್ ಬರತ್ತೆ ಅಂತಾನೂ ಕೇಳಿ, 04.0902 ಇದ್ರೆ ಸ್ಟೆಮ್ ಅಂದ್ರೆ ವಿಜ್ಞಾನ-ತಂತ್ರಜ್ಞಾನದ ಲೆಕ್ಕ, ಓದು ಮುಗಿದ್ಮೇಲೆ ಇಲ್ಲಿ ಕೆಲಸ ಮಾಡೋಕೆ ಸಿಗೋ 12 ತಿಂಗಳ ಓಪಿಟಿ ಅನುಮತಿ ಮೇಲೆ ಇನ್ನೂ 24 ತಿಂಗಳು ಸಿಗತ್ತೆ, ಕೆಲಸ ಹುಡುಕೋರಿಗೆ ಆ ಎರಡು ವರ್ಷದ ಬೆಲೆ ಗೊತ್ತು.

ಮಾನ್ಯತೆ ಇರೋ ಡಿಗ್ರಿ ಇಲ್ದೋರು ಇಇಎಸ್‌ಎ ಅನ್ನೋ ಮೌಲ್ಯಮಾಪನ ಮಾಡಿಸ್ಬೇಕಾಗತ್ತೆ. ಅದಕ್ಕೆ ಊರಿನ ಟ್ರಾನ್ಸ್‌ಕ್ರಿಪ್ಟ್ ಬೇಕು, ಒಂದೊಂದು ಸಬ್ಜೆಕ್ಟಲ್ಲಿ ಏನು ಓದಿದ್ರಿ ಅನ್ನೋ ಸಿಲಬಸ್ಸೂ ಬೇಕು. ವಿಟಿಯುನಲ್ಲಿ ಓದಿದೋರು ವಿಮಾನ ಹತ್ತೋಕೆ ಮುಂಚೆ ಈ ಕಾಗದ ಎಲ್ಲಾ ಸೀಲ್ ಹಾಕಿಸಿ ಇಟ್ಕೊಳ್ಳಿ, ಇಲ್ಲಿ ಕೂತ್ಕೊಂಡು ಅಪ್ಪನ್ನೋ ತಮ್ಮನ್ನೋ ಬೆಳಗಾವಿಗೆ ಓಡ್ಸೋದು ತುಂಬಾ ಕಷ್ಟ. ರಿಪೋರ್ಟಲ್ಲಿ ಕೊರತೆ ಬಂದ್ರೆ ಎದೆ ಒಡ್ಕೋಬೇಡಿ, ನಮ್ಮ ಬಿ.ಆರ್ಕ್‌ನಲ್ಲಿ ಇತಿಹಾಸ, ಸಾಹಿತ್ಯ, ಸಮಾಜಶಾಸ್ತ್ರದ ಥರದ ಸಾಮಾನ್ಯ ವಿಷಯಗಳು ಕಮ್ಮಿ, ಅವನ್ನ ಮನೆ ಹತ್ರದ ಕಮ್ಯುನಿಟಿ ಕಾಲೇಜಲ್ಲಿ ಸಂಜೆ ಕ್ಲಾಸಿಗೆ ಹೋಗಿ ತುಂಬ್ಕೋಬಹುದು. ಎಲ್ಲಾ ರಾಜ್ಯಕ್ಕೂ ಇದು ಬೇಕೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಓದು ಕೆಲಸ ಎರಡೂ ಸೇರಿ ಎಂಟು ವರ್ಷದ ಲೆಕ್ಕ ಸರಿಹೋದ್ರೆ ಆಯ್ತು, ಆದ್ರೆ ಅವರದ್ದೇ ಇನ್ನೊಂದು ಹೆಚ್ಚಿನ ಪರೀಕ್ಷೆ ಇದೆ. ಎಲ್ಲಿ ನೆಲೆ ನಿಲ್ಬೇಕು ಅಂತಿದ್ದೀರೋ ಆ ಬೋರ್ಡಿನ ನಿಯಮ ನೀವೇ ಓದಿ, ಪಕ್ಕದ ರಾಜ್ಯದ ಸ್ನೇಹಿತರು ಹೇಳಿದ್ದನ್ನ ನಂಬಿ ಕೂರಬೇಡಿ. ಹಾಗೇ ಊರಿನ ಕೌನ್ಸಿಲ್ ರಿಜಿಸ್ಟ್ರೇಷನ್ ಲ್ಯಾಪ್ಸ್ ಆಗೋಕೆ ಬಿಡ್ಬೇಡಿ, ಹೊರದೇಶದ ಆರ್ಕಿಟೆಕ್ಟ್ ಅಂತ ಎನ್‌ಕಾರ್ಬ್‌ನಲ್ಲಿ ಇರೋ ದಾರಿಗೆ ಅದು ಕೆಲಸಕ್ಕೆ ಬರತ್ತೆ.

ಅನುಭವಕ್ಕೆ ಎಎಕ್ಸ್‌ಪಿ ಅಂತಾರೆ, ಒಟ್ಟು 3,740 ಗಂಟೆ, ಆರು ಭಾಗ. ಅದರಲ್ಲಿ 1,520 ಗಂಟೆ ಬರೀ ವರ್ಕಿಂಗ್ ಡ್ರಾಯಿಂಗ್ ಕಡೆಯದ್ದು, ಅದು ತಾನಾಗೇ ತುಂಬತ್ತೆ. ತುಂಬದೇ ಇರೋದು ಸೈಟಿನ 360 ಮತ್ತೆ ಪ್ರಾಕ್ಟೀಸ್ ಮ್ಯಾನೇಜ್‌ಮೆಂಟಿನ, ಅಂದ್ರೆ ಆಫೀಸ್ ನಡೆಸೋ ಕೆಲಸದ, 160, ಯಾಕಂದ್ರೆ ಹೊಸಬರನ್ನ ಕಂಪ್ಯೂಟರ್ ಮುಂದೆ ಕೂರಿಸಿ ಟಾಯ್ಲೆಟ್ ಡೀಟೇಲು, ಡೋರ್ ಶೆಡ್ಯೂಲು ಮಾಡಿಸ್ತಾನೇ ಇರ್ತಾರೆ. ಸೂಪರ್‌ವೈಸರ್ ಹತ್ರ ಹೋಗಿ, ಸರ್ ಈ ಸಲ ಸೈಟ್ ಮೀಟಿಂಗ್‌ಗೆ ನಾನೂ ಬರ್ತೀನಿ, ಫೀ ಪ್ರೊಪೋಸಲ್ ಹೇಗೆ ಮಾಡ್ತೀರಿ ತೋರಿಸಿ ಅಂತ ಕೇಳಿ. ನಮಗೆ ಕೇಳೋಕೆ ಸಂಕೋಚ, ದೊಡ್ಡೋರು ತಾವಾಗೇ ಕರೀತಾರೆ ಅಂತ ಕಾಯ್ತೀವಿ, ಇಲ್ಲಿ ಕೇಳದೇ ಯಾರೂ ಕರಿಯಲ್ಲ. ಊರಲ್ಲಿ ರಿಜಿಸ್ಟರ್ಡ್ ಆರ್ಕಿಟೆಕ್ಟ್ ಕೈಕೆಳಗೆ ಮಾಡಿದ ಕೆಲಸಾನೂ 1,860 ಗಂಟೆವರೆಗೂ ಸೇರಿಸ್ಬಹುದು, ಆದ್ರೆ ಅವರು ಸಹಿ ಮಾಡ್ಬೇಕು, ಅದಕ್ಕೇ ಹಳೇ ಬಾಸ್ ಜೊತೆ ಮಾತು ಬಿಡ್ಬೇಡಿ. ತುಂಬಾ ಹಳೇ ಗಂಟೆಗಳಿಗೆ ಪೂರ್ತಿ ಬೆಲೆ ಸಿಗದೇ ಹೋಗ್ಬಹುದು, ತಿಂಗಳು ತಿಂಗಳು ತುಂಬ್ತಾ ಹೋಗಿ.

ಆ ಟಾಯ್ಲೆಟ್ ಡೀಟೇಲ್ ವರ್ಷಗಳನ್ನೂ ಕೀಳಾಗಿ ನೋಡ್ಬೇಡಿ. ಇಟ್ಟಿಗೆ, ಆರ್‌ಸಿಸಿ ಕಲ್ತು ಬಂದೋರಿಗೆ ಇಲ್ಲಿನ ಮರದ ಸ್ಟಡ್ ಗೋಡೆ ಹೊಸ ವಿದ್ಯೆ, ಟೂ ಬೈ ಫೋರ್ ಅನ್ನೋದು ಅಳೆದ್ರೆ ಒಂದೂವರೆ ಇಂಚು ಬೈ ಮೂರೂವರೆ ಇಂಚು, ಗೋಡೆ ಒಳಗೆ ತೇವ ಯಾವ ಕಡೆಯಿಂದ ಯಾವ ಕಡೆಗೆ ಹೋಗತ್ತೆ ಅನ್ನೋದು ನಾವು ಮಲೆನಾಡಲ್ಲೂ ಹೀಗೆ ಲೆಕ್ಕ ಹಾಕಿರಲ್ಲ. ವೀಲ್‌ಚೇರ್ ತಿರುಗೋಕೆ 60 ಇಂಚು, ಬಾಗಿಲು ತೆಗೆದಾಗ ಕನಿಷ್ಠ 32 ಇಂಚು ಜಾಗ, ಇಂಥದ್ದೆಲ್ಲ ಕೈಗೆ ಹತ್ತೋದು ಆ ಕೆಲಸದಲ್ಲೇ.

ಇಷ್ಟೊಂದು ವರ್ಷ ಹಿಡಿಯತ್ತಲ್ಲ ಅನ್ನಿಸಿದ್ರೆ ಇದನ್ನ ಕೇಳಿ, ಚೀನಾದಿಂದ 1935ರಲ್ಲಿ ಓದೋಕೆ ಬಂದ ಆರ್ಕಿಟೆಕ್ಟ್ ಐ.ಎಂ. ಪೇ ಅವರನ್ನ ಅಧ್ಯಕ್ಷ ಕೆನಡಿ ಹೆಸರಿನ ಲೈಬ್ರರಿ ಡಿಸೈನ್ ಮಾಡೋಕೆ ಆಯ್ಕೆ ಮಾಡಿದ್ದು 1964ರಲ್ಲಿ. ಅಕ್ಕಪಕ್ಕದೋರ ವಿರೋಧ, ಜಾಗ ಬದಲಾಗಿ, ಡಿಸೈನ್ ಬದಲಾಗಿ, ಕಟ್ಟಡ ಉದ್ಘಾಟನೆ ಆಗಿದ್ದು 1979ರಲ್ಲಿ. ಅಷ್ಟು ದೊಡ್ಡ ಹೆಸರಿನೋರೇ ಒಂದು ಕಟ್ಟಡಕ್ಕೆ ಹದಿನೈದು ವರ್ಷ ಹಿಡ್ಕೊಂಡು ಕೂತಿದ್ರು, ಅದಕ್ಕಾಗೇ ನನಗೆ ಅವರ ಮೇಲೆ ಬಹಳ ಗೌರವ.

ಪರೀಕ್ಷೆ ಎಆರ್‌ಇ, ಆರು ಪೇಪರ್. ಪ್ರಾಕ್ಟೀಸ್ ಮ್ಯಾನೇಜ್‌ಮೆಂಟ್, ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್, ಕನ್‌ಸ್ಟ್ರಕ್ಷನ್ ಅಂಡ್ ಇವ್ಯಾಲ್ಯುಯೇಷನ್ ಮೂರನ್ನ ಒಟ್ಟಿಗೆ ಹಿಡೀರಿ, ಮೂರರಲ್ಲೂ ಕಾಂಟ್ರಾಕ್ಟ್ ವಿಷಯ ಬರತ್ತೆ, ಎಐಎ ಅನ್ನೋ ಇಲ್ಲಿನ ಆರ್ಕಿಟೆಕ್ಟ್‌ಗಳ ಸಂಘದ ಮಾದರಿ ಕಾಂಟ್ರಾಕ್ಟ್‌ಗಳಲ್ಲಿ ಬಿ101, ಎ201 ಎರಡನ್ನೂ ಸಾಲು ಸಾಲಾಗಿ ಓದ್ಲೇಬೇಕು. ದೊಡ್ಡ ಎರಡು ಟೆಕ್ನಿಕಲ್ ಪೇಪರ್ ಕೊನೆಗೆ ಇಟ್ಕೊಳ್ಳಿ, ಹತ್ರ ಹತ್ರದಲ್ಲೇ ಬರೀರಿ. ಎನ್‌ಕಾರ್ಬ್ ಸೈಟಲ್ಲಿ ಮಾದರಿ ಪರೀಕ್ಷೆ ಫ್ರೀ ಇದೆ, ದುಡ್ಡು ಕೊಟ್ಟು ಕೋರ್ಸ್ ತಗೊಳ್ಳೋಕೆ ಮುಂಚೆ ಅದನ್ನ ಮುಗಿಸಿ. ಫೇಲಾದ್ರೆ 60 ದಿನ ಬಿಟ್ಟು ಅದೇ ಪೇಪರ್ ಮತ್ತೆ ಬರೀಬಹುದು. ಪಾಸಾದ ಪೇಪರ್ ಐದು ವರ್ಷಕ್ಕೆ ರದ್ದಾಗತ್ತೆ ಅಂತ ಹಳಬರು ಯಾರಾದ್ರೂ ಹೆದರಿಸಿದ್ರೆ, ಆ ನಿಯಮ 2023ರಲ್ಲಿ ಹೋಯ್ತು ಅಂತ ಹೇಳಿ. ಹಿಂದೆ ಅರ್ಧಕ್ಕೆ ಬಿಟ್ಟಿದ್ದೋರು ಇದ್ರೆ ತಮ್ಮ ರೆಕಾರ್ಡ್ ಇನ್ನೊಂದ್ಸಲ ತೆಗೆದು ನೋಡಿ, ಹಳೇ ಪಾಸು ವಾಪಸ್ ಬಂದಿರ್ಬಹುದು.