ಜವಳು ನೆಲ ಚೆನ್ನಾಗಿದೆಯಾ? ನೀವೇ ಪರೀಕ್ಷೆ ಮಾಡಿ

ಬೀದರಿನ ಎತ್ತರದ ಬಯಲಿನಲ್ಲಿ ಕೆಂಪು ಕಲ್ಲಿನ ತುಂಬ ತೂತುಗಳು. ಬಿದ್ದ ಮಳೆ ಅಲ್ಲೇ ಇಂಗುತ್ತದೆ. ಕೆಳಗೆ ಜೇಡಿ ಸಿಕ್ಕಲ್ಲಿ ಮುಂದೆ ಇಳಿಯಲಾಗದೆ ದಿಬ್ಬದ ಅಂಚಿಗೆ ಒರತೆಯಾಗಿ ಹೊರಬರುತ್ತದೆ. ಝರಣಿ ನರಸಿಂಹನ ಗುಹೆಯ ನೀರು, ನೌಬಾದಿನ ಸುರಂಗ ಬಾವಿಯ ನೀರು ಇಂಥದ್ದೇ. ಒರತೆಯ ಕೆಳಗೆ ಹುಲ್ಲು ಬೆಳೆದ ಜವಳು ನೆಲ, ಅಂದರೆ ನೀರು ಒಸರುವ ಜೌಗು, ಇದ್ದರೆ ಅದರ ಆರೋಗ್ಯ ತಿಳಿಯಲು ಗುದ್ದಲಿ, ಟೇಪು, ನೋಟ್‌ಬುಕ್ ಸಾಕು. ಹಕ್ಕಿ ಎಣಿಸುವುದು ಕೊನೆಗಿರಲಿ. ಹಕ್ಕಿ ಗಟಾರದ ನೀರಿಗೂ ಬರುತ್ತದೆ, ಅಲ್ವಾ?

ಮೊದಲು ಮಣ್ಣು. ಮಳೆಗಾಲ ಮುಗಿದ ಅಕ್ಟೋಬರ್–ನವೆಂಬರಿನಲ್ಲಿ ಒಂದೂವರೆ ಅಡಿ ತಗ್ಗು ತೆಗೆಯಿರಿ. ಇಲ್ಲಿನ ಮಣ್ಣು ಕೆಂಪಾಗಿರುವುದು ಕಬ್ಬಿಣದಿಂದ. ತಿಂಗಳುಗಟ್ಟಲೆ ನೀರು ನಿಂತರೆ ಗಾಳಿ ಸಿಗದೆ ಕಬ್ಬಿಣ ಕರಗಿ, ಮಣ್ಣು ಬೂದು ಬಣ್ಣಕ್ಕೆ ತಿರುಗುತ್ತದೆ. ಬೇರಿನ ಸುತ್ತ ಮಾತ್ರ ತುಕ್ಕಿನ ಗೆರೆ ಕಾಣುತ್ತದೆ. ಎರಡೂ ಇದ್ದರೆ ಜವಳು ಹಳೆಯದು. ಮಣ್ಣು ಬೂದು, ಆದರೆ ತಗ್ಗಿಗೆ ಒಂದು ಹನಿಯೂ ಒಸರಲಿಲ್ಲ ಅಂದರೆ ನೆಲ ಒಣಗತೊಡಗಿದೆ ಎಂಬ ಅನುಮಾನ ಇಟ್ಟುಕೊಳ್ಳಿ. ಕಲಬುರಗಿ ಕಡೆಯ ಎರೆ ಮಣ್ಣಿನಲ್ಲಿ ಈ ಗುರುತು ಅಷ್ಟು ಸುಲಭಕ್ಕೆ ಕಾಣುವುದಿಲ್ಲ.

ಆಮೇಲೆ ಜವಳಿನ ಅಡ್ಡಕ್ಕೆ ನೇರವಾಗಿ 100 ಹೆಜ್ಜೆ ಹಾಕಿ. ಪ್ರತಿ ಹೆಜ್ಜೆಗೂ ಹೆಬ್ಬೆರಳ ತುದಿಯಲ್ಲಿ ಏನಿದೆ ಎಂದು ಬರೆಯಿರಿ. ಆಪು (ಜೊಂಡು), ನೀರಂಚಿನ ಎತ್ತರದ ಜೇಕು ‘ಒದ್ದೆ’. ಬಳ್ಳಾರಿ ಜಾಲಿ, ಒಣನೆಲದ ಹುಲ್ಲು ‘ಒಣ’. ಏನೂ ಇಲ್ಲದಿದ್ದರೆ ‘ಬರಿ ಮಣ್ಣು’. ಎಣಿಕೆಯೇ ಶೇಕಡಾ ಲೆಕ್ಕ. ಕರಿಕೆ ಮತ್ತು ಹೊಲದ ಕಳೆ ಜೇಕು ಎಲ್ಲಿ ಬೇಕಾದರೂ ಬೆಳೆಯುತ್ತವೆ, ಅವನ್ನು ಬೇರೆ ಇಡಿ.

ನನ್ನ ಕೇಳಿದರೆ ಎಲ್ಲಕ್ಕಿಂತ ಮುಖ್ಯ ಕೊರಕಲು. ನೀರು ಹೊರಹೋಗುವ ಕೆಳತುದಿಯಲ್ಲಿ ಮಣ್ಣು ಮೆಟ್ಟಿಲಿನಂತೆ ಕಡಿದು ಬಿದ್ದಿದೆಯಾ ನೋಡಿ. ಜೋರು ಮಳೆ ಬಂದಾಗಲೆಲ್ಲ ಆ ಮೆಟ್ಟಿಲು ಕುಸಿದು ಮೇಲಕ್ಕೆ ಸರಿಯುತ್ತದೆ. ಸರಿದಷ್ಟೂ ಸುತ್ತಲಿನ ನೆಲದ ನೀರನ್ನೆಲ್ಲ ಬಸಿಯುತ್ತದೆ. ಮೇಲೆ ಹಸಿರಿದ್ದರೂ ಬೇರಿನ ಕೆಳಗೆ ಪಸೆ ಇರುವುದಿಲ್ಲ. ಮೆಟ್ಟಿಲಿನ ಮೇಲ್ಗಡೆ, ಸ್ವಲ್ಪ ದೂರದಲ್ಲಿ ಗೂಟ ಬಡಿದು ಅಂತರ ಅಳೆದಿಡಿ. ಮುಂದಿನ ಮಳೆಗಾಲ ಕಳೆದ ಮೇಲೆ ಅಂತರ ಕಡಿಮೆಯಾಗಿದ್ದರೆ ತಡ ಮಾಡಬೇಡಿ. ಅಲ್ಲಿ ಕಲ್ಲು ಜೋಡಿಸಿಕೊಡಿ ಎಂದು ಎರಡೂ ಅಳತೆ ಬರೆದು ಪಂಚಾಯ್ತಿಗೆ ಅರ್ಜಿ ಕೊಡಿ.

ಎಮ್ಮೆ ತುಳಿದಿದೆ ಎಂದು ಸುಮ್ನೆ ಗಾಬರಿಯಾಗಬೇಡಿ. ಗೊರಸಿನ ಗುರುತುಗಳ ನಡುವೆ ಹುಲ್ಲು ಚಿಗುರುತ್ತಿದ್ದರೆ ಸರಿ. ಬರೀ ಕೆಸರೇ ಆಗಿದ್ದರೆ ದನ ಜಾಸ್ತಿಯಾಗಿದೆ.

ಪ್ರತಿ ವರ್ಷ ಅದೇ ತಿಂಗಳು, ಅದೇ ಸಾಲಿನಲ್ಲಿ ನಡೆಯಿರಿ. ಫೋಟೊದಲ್ಲಿ ಗೂಟ ಕಾಣುವಂತಿರಲಿ. ಮತ್ತೆ, ತೆಗೆದ ತಗ್ಗನ್ನು ಮುಚ್ಚಿ ಬನ್ನಿ, ದನದ ಕಾಲು ಮುರಿದೀತು.