ಪೇಜ್‌ನಲ್ಲಿ ಒಂದು ದಿನ: ಏಳು ಜನ, ಒಂದು ವ್ಯಾನ್, ಎರಡು ಗಡಿಯಾರ

ಅಮೆರಿಕದ ಅರಿಜೋನಾ ರಾಜ್ಯದ ಉತ್ತರ ತುದಿಯಲ್ಲಿರುವ ಪೇಜ್ ಎಂಬ ಊರಿಗೆ ಲಾಸ್ ವೇಗಸ್‌ನಿಂದ ಸುಮಾರು 275 ಮೈಲಿ. ನಾಲ್ಕೂವರೆ ಗಂಟೆಯ ದಾರಿ. ಫೀನಿಕ್ಸ್‌ನಿಂದಲೂ ಹೆಚ್ಚುಕಡಿಮೆ ಅಷ್ಟೇ ದೂರ. ಗ್ಲೆನ್ ಕ್ಯಾನ್ಯನ್ ಅಣೆಕಟ್ಟು ಕಟ್ಟುವವರ ವಸತಿಗೆಂದು 1957ರಲ್ಲಿ ಎದ್ದ ಊರು ಇದು. ಊರೊಳಗೆ ನೋಡುವಂಥದ್ದು ಏನಿಲ್ಲ, ಇರುವುದೆಲ್ಲ ಸುತ್ತಮುತ್ತ ಐದಾರು ಮೈಲಿಯೊಳಗೆ. ಮೇ ತಿಂಗಳಲ್ಲಿ ಏಳು ಜನ ಗೆಳೆಯರು ಇಲ್ಲಿ ರಾತ್ರಿ ತಂಗಿ, ಮರುದಿನ ಎಲ್ಲವನ್ನೂ ನೋಡಿ, ಸಂಜೆಗೆ ಕೆಂಪು ಬಂಡೆಗಳ ಮಾನ್ಯುಮೆಂಟ್ ವ್ಯಾಲಿ ಸೇರಿಕೊಂಡ ಲೆಕ್ಕಾಚಾರ ಇಲ್ಲಿದೆ.

ಈ ದಿನಕ್ಕೆ ಗೂಟ ಒಂದೇ: ನೀರು ಕೊರೆದ ಕಿರಿದಾದ ಮರಳುಗಲ್ಲಿನ ಕೊರಕಲು, ಆಂಟೆಲೋಪ್ ಕ್ಯಾನ್ಯನ್‌ನ ಟಿಕೆಟ್. ಮಿಕ್ಕಿದ್ದನ್ನೆಲ್ಲ ಅದಕ್ಕೆ ಕಟ್ಟಬೇಕು. ಅದು ನವಾಹೋ ಎಂಬ ಮೂಲನಿವಾಸಿ ಜನರ ನೆಲ, ಗೈಡ್ ಇಲ್ಲದೆ ಯಾರನ್ನೂ ಒಳಗೆ ಬಿಡುವುದಿಲ್ಲ. ಬೇಸಿಗೆಯ ಬೆಳಗಿನ ಹೊತ್ತಿನವು ಬೇಗ ಮುಗಿಯುತ್ತವೆ, ಅದರಲ್ಲೂ ಏಳು ಜನಕ್ಕೆ ಒಂದೇ ಹೊತ್ತು ಸಿಗಬೇಕಾದರೆ ಎರಡು ಮೂರು ತಿಂಗಳು ಮೊದಲೇ ಬುಕ್ ಮಾಡಲು ಕೂರಬೇಕು. ಏಳೂ ಟಿಕೆಟ್ ಒಬ್ಬರೇ ಒಂದೇ ಬುಕಿಂಗ್‌ನಲ್ಲಿ ಕೊಳ್ಳಿ. "ನಂದು ನಾನು ಮಾಡ್ಕೋತೀನಿ" ಅಂದವರು ಕೊನೆಗೆ ಬೇರೆ ಹೊತ್ತಿನ ಗುಂಪಿನಲ್ಲಿರುತ್ತಾರೆ, ಅವರಿಗಾಗಿ ಉಳಿದವರು ಬಿಸಿಲಲ್ಲಿ ಕಾಯುತ್ತಾರೆ.

ಮುಖ್ಯ ಕೊರಕಲುಗಳು ಎರಡು: ಅಪ್ಪರ್ ಮತ್ತು ಲೋವರ್. ಅಪ್ಪರ್‌ನದು ಬುಡದಲ್ಲಿ ಅಗಲ, ನೆತ್ತಿಯಲ್ಲಿ ಸಣ್ಣ ಸೀಳು. ಆ ಸೀಳಿನಿಂದಲೇ ಬೆಳಕಿನ ಕೋಲು ನೆಲಕ್ಕೆ ಇಳಿಯುವುದು. ಅದು ಕಾಣುವುದು ಮಾರ್ಚ್ ಮಧ್ಯದಿಂದ ಅಕ್ಟೋಬರ್ ಮೊದಲ ವಾರದವರೆಗೆ, ಬೆಳಿಗ್ಗೆ 11ರಿಂದ ಮಧ್ಯಾಹ್ನ ಒಂದೂವರೆಯೊಳಗೆ. ಆ ಹೊತ್ತಿನ ಟಿಕೆಟ್ ದುಬಾರಿ, ಜನವೂ ಜಾಸ್ತಿ. ಲೋವರ್ ಇದಕ್ಕೆ ತಿರುಗುಮುರುಗು: ಮೇಲೆ ಅಗಲ, ಕೆಳಗೆ ಇಕ್ಕಟ್ಟು. ಕೆಲವು ಕಡೆ ಭುಜ ಓರೆ ಮಾಡಿ ನುಸುಳಬೇಕು. ಇಳಿಯಲು ಕಡಿದಾದ ಕಬ್ಬಿಣದ ಮೆಟ್ಟಿಲುಗಳಿವೆ. ಮಂಡಿ ನೋವಿನವರು, ಊರಿನಿಂದ ಬಂದ ಅಪ್ಪ ಅಮ್ಮ ಜೊತೆಗಿದ್ದರೆ ಅಪ್ಪರ್ ವಾಸಿ. ಅಲ್ಲಿ ಒಳಗೆಲ್ಲ ಸಮತಟ್ಟು ಮರಳು, ಆದರೆ ದಾರಿ ಒಮ್ಮುಖ, ವಾಪಸು ಬರುವಾಗ ಹೊರಗಡೆ ಸ್ವಲ್ಪ ಹತ್ತಿಳಿಯಬೇಕು. ನಾವು ಲೋವರ್‌ಗೆ ಬೆಳಿಗ್ಗೆ ಎಂಟೂವರೆಯದು ಹಿಡಿದೆವು. ಬೆಳಕಿನ ಕೋಲಿನ ಆಸೆಗೆ ಬಿದ್ದರೆ ನಡುಮಧ್ಯಾಹ್ನವೆಲ್ಲ ಅಲ್ಲೇ ಕಳೆದು, ಮಾನ್ಯುಮೆಂಟ್ ವ್ಯಾಲಿ ಕೈಬಿಡಬೇಕಾಗುತ್ತದೆ. ಬಂಡೆಯ ಬಣ್ಣಕ್ಕೆ ಬೇಕಾದದ್ದು ಗೋಡೆಯಿಂದ ಗೋಡೆಗೆ ಪುಟಿಯುವ ಬೆಳಕು, ಅದು ಬೆಳಿಗ್ಗೆಯೂ ಧಾರಾಳವಾಗಿದೆ.

ಜುಲೈಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಹೋಗುವವರಿಗಂತೂ ಬೆಳಗಿನ ಹೊತ್ತೇ ಸರಿ. ಅಲ್ಲಿನ ಮಳೆಗಾಲದ ಮೋಡ ಕಟ್ಟುವುದು ಮಧ್ಯಾಹ್ನದ ಮೇಲೆ. 1997ರ ಆಗಸ್ಟ್ 12ರಂದು ಲೋವರ್‌ನಲ್ಲಿ 11 ಪ್ರವಾಸಿಗರು ಪ್ರವಾಹಕ್ಕೆ ಸಿಕ್ಕಿ ಸತ್ತರು. ಆ ನೀರು ತಂದ ಮಳೆ ಬಿದ್ದದ್ದು ಮೈಲಿಗಟ್ಟಲೆ ಮೇಲೆ. ತಲೆಯ ಮೇಲಿನ ಆಕಾಶ ನೀಲಿಯಾಗಿದೆ ಎಂಬುದು ಇಲ್ಲಿ ಧೈರ್ಯಕ್ಕೆ ಆಧಾರವಲ್ಲ. ಟೂರ್ ರದ್ದು ಎಂದರೆ ವಾದಕ್ಕಿಳಿಯಬೇಡಿ.

ಇನ್ನು ಗಡಿಯಾರ. ಅರಿಜೋನಾ ಬೇಸಿಗೆಯಲ್ಲಿ ಗಡಿಯಾರ ಮುಂದೆ ಹಾಕುವುದಿಲ್ಲ, ನವಾಹೋ ಜನರ ಸ್ವಂತ ಆಡಳಿತದ ಪ್ರದೇಶವಾದ ನವಾಹೋ ನೇಷನ್ ಹಾಕುತ್ತದೆ, ಪಕ್ಕದ ರಾಜ್ಯ ಯೂಟಾವೂ ಹಾಕುತ್ತದೆ. ಪೇಜ್ ಇವುಗಳ ನಡುವೆ ಸಿಕ್ಕಿಕೊಂಡ ಊರು. ಫೋನು ಯಾವ ಟವರ್ ಹಿಡಿಯಿತೋ ಆ ಸಮಯ ತೋರಿಸುತ್ತದೆ. ಒಂದೇ ಕೋಣೆಯಲ್ಲಿ ಮಲಗಿದ ಇಬ್ಬರ ಅಲಾರಂ ಒಂದು ಗಂಟೆ ಅಂತರದಲ್ಲಿ ಹೊಡೆದುಕೊಳ್ಳುವುದು ಇದರಿಂದಲೇ. ಹಿಂದಿನ ರಾತ್ರಿ ಎಲ್ಲರ ಫೋನಿನಲ್ಲೂ ಸಮಯ ತಾನಾಗಿ ಬದಲಾಗುವ ಸೆಟ್ಟಿಂಗ್ ಆಫ್ ಮಾಡಿಸಿ, ಕೈಯಾರೆ ಫೀನಿಕ್ಸ್ ಎಂದು ಹಾಕಿಸಿ. ಆಂಟೆಲೋಪ್ ನವಾಹೋ ನೆಲದಲ್ಲಿದ್ದರೂ ಟೂರ್‌ನವರು ನಡೆಸುವುದು ಅರಿಜೋನಾ ಸಮಯಕ್ಕೆ. ಇಲ್ಲಿ ತಪ್ಪಿದರೆ ಒಂದು ಗಂಟೆ ಮುಂಚೆ ಹೋಗಿ ಕೂರುತ್ತೀರಿ, ಅಷ್ಟೇ. ನಷ್ಟವಾಗುವುದು ಸಂಜೆ: ಮಾನ್ಯುಮೆಂಟ್ ವ್ಯಾಲಿ ನಡೆಯುವುದು ನವಾಹೋ ಸಮಯದಲ್ಲಿ. ನಿಮ್ಮ ಕೈಗಡಿಯಾರದಲ್ಲಿ ನಾಲ್ಕಾದಾಗ ಅಲ್ಲಿ ಐದು. ವೇಗಸ್‌ನಿಂದ ಬರುವವರಿಗೆ ಬೇಸಿಗೆಯಲ್ಲಿ ಪೇಜ್‌ನ ಸಮಯವೂ ವೇಗಸ್‌ನ ಸಮಯವೂ ಒಂದೇ, ನಡುವೆ ಯೂಟಾದಲ್ಲಿ ಫೋನು ಕುಣಿದದ್ದನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ.

ಏಳು ಜನಕ್ಕೆ ಮಿನಿವ್ಯಾನ್ ಒಂದೇ ಸಾಕು, ಆದರೆ ಏಳೂ ಸೀಟು ತುಂಬಿದರೆ ಹಿಂದೆ ಉಳಿಯುವ ಜಾಗದಲ್ಲಿ ನಾಲ್ಕು ಕ್ಯಾಬಿನ್ ಸೂಟ್‌ಕೇಸ್ ನಿಲ್ಲಿಸಿದರೆ ಮುಗಿಯಿತು. ಆದ್ದರಿಂದ ಗಟ್ಟಿ ಪೆಟ್ಟಿಗೆ ಬೇಡ, ಅದುಮಿದರೆ ಅದುಮಿಸಿಕೊಳ್ಳುವ ಬಟ್ಟೆಯ ಬ್ಯಾಗು ತಲೆಗೊಂದು ಎಂದು ಮೊದಲೇ ಹೇಳಿಬಿಡಿ. ಓಡಿಸುವವರೆಲ್ಲರ ಹೆಸರೂ ಬಾಡಿಗೆ ಕರಾರಿನಲ್ಲಿರಲಿ. ಹೆಸರಿಲ್ಲದವರು ಓಡಿಸಿ ಏನಾದರೂ ಆದರೆ ವಿಮೆ ಕೈಕೊಡುತ್ತದೆ.

ಊಟದ ವಿಷಯಕ್ಕೆ ಬರೋಣ. ಪೇಜ್‌ನ ಹೋಟೆಲುಗಳಲ್ಲಿ ಸಸ್ಯಾಹಾರಿಗಳ ಪಾಲಿಗೆ ಸಿಗುವುದು ಕಡಿಮೆ, ಮಧ್ಯಾಹ್ನ ಏಳು ಜನಕ್ಕೆ ಟೇಬಲ್ ಕಾಯುವುದಂತೂ ಹೊತ್ತು ತಿನ್ನುವ ಕೆಲಸ. ಬೆಳಿಗ್ಗೆ ಐದೂಕಾಲಿಗೆ ಐದೂವರೆ ಕಪ್ಪಿನ ಕುಕ್ಕರಿನಲ್ಲಿ ಸೋನಾ ಮಸೂರಿ ನಾಲ್ಕು ಕಪ್ಪು (ಕುಕ್ಕರಿನ ಜೊತೆ ಬರುವ ಕಪ್ಪು, ಒಂದಕ್ಕೆ ಸುಮಾರು 150 ಗ್ರಾಂ), ಕಪ್ಪಿಗೆ ಒಂದೂಮುಕ್ಕಾಲು ನೀರು. ಅನ್ನ ಆದ ಕೂಡಲೇ ಅಗಲವಾದ ಅಲ್ಯುಮಿನಿಯಂ ಟ್ರೇಯಲ್ಲಿ ಹರಡಿ, ಒಂದು ಚಮಚ ಎಣ್ಣೆ ಹಾಕಿ, ಪೂರ್ತಿ ಆರಿದ ಮೇಲೆ ಪುಳಿಯೋಗರೆ ಗೊಜ್ಜು ಏಳೆಂಟು ದೊಡ್ಡ ಚಮಚ ಕಲಸಬೇಕು. ಬಿಸಿಯಲ್ಲೇ ಕಲಸಿ ಮುಚ್ಚಿಟ್ಟರೆ ಡಬ್ಬಿ ಬೆವತು, ಮಧ್ಯಾಹ್ನಕ್ಕೆ ಅನ್ನ ಮುದ್ದೆಯಾಗಿರುತ್ತದೆ. ಒಗ್ಗರಣೆಯನ್ನು ಮನೆಯಲ್ಲೇ ಗೊಜ್ಜಿಗೆ ಹಾಕಿಕೊಂಡು ಬನ್ನಿ. ಮೋಟೆಲ್ ಕೋಣೆಯಲ್ಲಿ ಸಾಸಿವೆ ಸಿಡಿಸಿದರೆ ಚಾವಣಿಯ ಹೊಗೆ ಅಲಾರಂ ಇಡೀ ಸಾಲನ್ನು ಎಬ್ಬಿಸುತ್ತದೆ. ಪುಳಿಯೋಗರೆಯನ್ನು ಐಸ್ ಪೆಟ್ಟಿಗೆಯಲ್ಲಿಡಬೇಡಿ, ಅಗುಳು ಕಲ್ಲಾಗುತ್ತದೆ. ಬೇರೆ ಚೀಲದಲ್ಲಿ, ಬಿಸಿಲು ತಾಗದ ಕಡೆ ಸಾಕು.

ಅದೇ ಕುಕ್ಕರಿನಲ್ಲಿ ಎರಡನೇ ಸಲ ಎರಡು ಕಪ್ಪು ಅಕ್ಕಿ ಮೆತ್ತಗೆ ಬೇಯಿಸಿ, ಮಸೆದು, ಆರಿಸಿ, ಒಂದು ಲೀಟರ್ ಹಾಲಿಗೆ ಮೂರೇ ಚಮಚ ಮೊಸರು ಬೆರೆಸಿ ಹಾಕಿ, ಐಸ್ ಪೆಟ್ಟಿಗೆಯಲ್ಲಿಟ್ಟೆವು. ತಣ್ಣಗಿರುವಷ್ಟು ಹೊತ್ತು ಅದು ಹಾಲನ್ನವೇ. ಮಧ್ಯಾಹ್ನ ಮೂರಕ್ಕೆ ಐಸ್‌ನಿಂದ ಹೊರತೆಗೆದರೆ ರಾತ್ರಿ ಊಟಕ್ಕೆ ಹದವಾದ ಮೊಸರನ್ನ. ಉಪ್ಪು ತಿನ್ನುವ ಮುಂಚೆ ಹಾಕಿಕೊಂಡರೆ ಸಾಕು. ನೀರು ತಲೆಗೆ ನಾಲ್ಕು ಲೀಟರ್ ಲೆಕ್ಕ. 24 ಬಾಟಲಿಯ ಒಂದು ಕಟ್ಟಿನಲ್ಲಿ 12 ಲೀಟರ್ ಮಾತ್ರ ಇರುತ್ತದೆ, ಆದ್ದರಿಂದ ಎರಡು ಕಟ್ಟು, ಮೇಲೊಂದು ಗ್ಯಾಲನ್ ಕ್ಯಾನು. ಊರಲ್ಲೇ ವಾಲ್‌ಮಾರ್ಟ್ ಇದೆ.

ಏಳಕ್ಕೆ ಹೊರಟು ಮೊದಲು ಅಣೆಕಟ್ಟಿನ ಪಕ್ಕದ ಸೇತುವೆ. ನದಿಯಿಂದ 700 ಅಡಿ ಎತ್ತರದಲ್ಲಿ ನಡೆದುಹೋಗಲು ಕಟ್ಟೆ ಇದೆ. ತಂತಿ ಜಾಲರಿಯಲ್ಲಿ ಕ್ಯಾಮೆರಾ ತೂರಿಸಲು ಅಲ್ಲಲ್ಲಿ ಕಿಂಡಿ ಬಿಟ್ಟಿದ್ದಾರೆ. ಅಣೆಕಟ್ಟಿನ ಎತ್ತರ 710 ಅಡಿ. 1963ರಲ್ಲಿ ನೀರು ನಿಲ್ಲಿಸಿದ ಜಲಾಶಯ ಲೇಕ್ ಪವೆಲ್ ಮೊದಲ ಸಲ ತುಂಬಿದ್ದು 1980ರಲ್ಲಿ. ಈಗ ಬಂಡೆಯ ಮೇಲೆ ಕಾಣುವ ಬಿಳಿ ಪಟ್ಟೆ, ನೀರು ಎಲ್ಲಿಯವರೆಗಿತ್ತು ಎಂಬುದರ ಗುರುತು. ಇಲ್ಲಿಗೆ ಅರ್ಧ ಗಂಟೆ ಸಾಕು.

ಆಂಟೆಲೋಪ್‌ನಲ್ಲಿ ಅರ್ಧ ಗಂಟೆ ಮುಂಚೆ ಹಾಜರಿ ಹಾಕಬೇಕು. ಬ್ಯಾಗು, ಟ್ರೈಪಾಡ್, ಸೆಲ್ಫಿ ಕೋಲು ಒಳಗೆ ಬಿಡುವುದಿಲ್ಲ. ನೀರಿನ ಬಾಟಲಿ ಕೈಯಲ್ಲೇ ಹಿಡಿದುಕೊಳ್ಳಿ. ಫೋನಿನ ಫ್ಲ್ಯಾಶ್ ಆಫ್ ಮಾಡಿ. ವೈಟ್ ಬ್ಯಾಲೆನ್ಸ್ ಮೋಡದ ಗುರುತಿಗೆ ತಿರುಗಿಸಿದರೆ ಬಂಡೆಯ ಕಿತ್ತಳೆ ಕಣ್ಣಿಗೆ ಕಂಡ ಹಾಗೇ ಬರುತ್ತದೆ, ಇಲ್ಲದಿದ್ದರೆ ಫೋನು ಅದನ್ನು ತಿದ್ದಲು ಹೋಗಿ ಬೂದು ಮಾಡುತ್ತದೆ. ಆಕಾಶದ ಬಿಳಿ ತುಂಡು ಚೌಕಟ್ಟಿನೊಳಗೆ ಬಂದರೆ ಗೋಡೆ ಕಪ್ಪಾಗುತ್ತದೆ, ಅದನ್ನು ಹೊರಗಿಟ್ಟು ತೆಗೆಯಿರಿ. ಮೇಲಿಂದ ಮರಳು ಉದುರುತ್ತಲೇ ಇರುವುದರಿಂದ ಒಳಗೆ ಲೆನ್ಸ್ ಬದಲಿಸುವ ಕೆಲಸ ಬೇಡ.

ಅಲ್ಲಿಂದ, ಕೊಲರಾಡೋ ನದಿ ಕುದುರೆ ಲಾಳದ ಹಾಗೆ ತಿರುಗುವ ಹಾರ್ಸ್‌ಶೂ ಬೆಂಡ್‌ಗೆ ಹತ್ತೂಕಾಲಿಗೆ. ಎಲ್ಲರೂ ಸೂರ್ಯೋದಯ, ಸೂರ್ಯಾಸ್ತ ಎನ್ನುತ್ತಾರೆ. ನೋಡುವ ಜಾಗ ಪಶ್ಚಿಮಕ್ಕೆ ಮುಖ ಮಾಡಿದೆ. ಸಂಜೆ ಸೂರ್ಯ ನೇರ ಕಣ್ಣಿಗೆ, ಬೆಳಿಗ್ಗೆ ನದಿಯೆಲ್ಲ ನೆರಳಿನಲ್ಲಿ. ಸಾವಿರ ಅಡಿ ಕೆಳಗಿನ ಕೊಲರಾಡೋ ಹಸಿರಾಗಿ ಹೊಳೆಯುವುದು ಬಿಸಿಲು ತಳಕ್ಕೆ ಇಳಿದ ಮೇಲೆ, ಅಂದರೆ ಒಂಬತ್ತೂವರೆಯ ನಂತರವೇ. ಪಾರ್ಕಿಂಗ್ ಪೇಜ್ ನಗರಸಭೆಯದು, ಕಾರಿಗೆ 10 ಡಾಲರ್. ನ್ಯಾಷನಲ್ ಪಾರ್ಕ್ ಪಾಸ್ ಇಲ್ಲಿ ನಡೆಯುವುದಿಲ್ಲ, ಆಂಟೆಲೋಪ್‌ನಲ್ಲೂ ಇಲ್ಲ, ಮಾನ್ಯುಮೆಂಟ್ ವ್ಯಾಲಿಯಲ್ಲೂ ಇಲ್ಲ. ಹೋಗಿಬರಲು ಒಂದೂವರೆ ಮೈಲಿ ನಡಿಗೆ. ಹೋಗುವಾಗ ಇಳಿಜಾರು, ಏರು ಇರುವುದು ವಾಪಸಿಗೆ, ಬಿಸಿಲು ಏರಿದ ಮೇಲೆ. ಕಂಬಿ ಹಾಕಿರುವುದು ಸ್ವಲ್ಪ ಉದ್ದಕ್ಕೆ ಮಾತ್ರ, ಉಳಿದ ಕಡೆ ಬಂಡೆಯ ಅಂಚು ಬಯಲು. ಅಂಚಿನ ಮರಳುಗಲ್ಲು ಪುಡಿ ಪುಡಿಯಾಗಿ ಜಾರುತ್ತದೆ. ಫೋಟೋಗೆ ನಿಂತವರು ಹಿಂದಕ್ಕೆ ಹೆಜ್ಜೆ ಇಡದ ಹಾಗೆ ಒಬ್ಬರು ಕಾವಲು ನಿಲ್ಲಲಿ. ಫೋನಿನ 0.5 ಲೆನ್ಸ್ ಇಲ್ಲದೆ ನದಿಯ ಪೂರ್ತಿ ತಿರುವು ಒಂದೇ ಚಿತ್ರದಲ್ಲಿ ಹಿಡಿಯುವುದಿಲ್ಲ.

ಊಟ ಮುಗಿಸಿ, ಪೇಜ್ ಬಿಡುವ ಮುಂಚೆ ಟ್ಯಾಂಕ್ ತುಂಬಿಸಿ. ಭಾರತದ ಕಾರ್ಡ್ ಹಾಕಿದರೆ ಪಂಪ್ ಐದಂಕಿಯ ಝಿಪ್ (ಅಲ್ಲಿನ ಪಿನ್ ಕೋಡ್) ಕೇಳಿ, ಕಾರ್ಡ್ ಒಪ್ಪದೆ ನಿಲ್ಲುವುದುಂಟು. ಒಳಗೆ ಹೋಗಿ "ಆರನೇ ಪಂಪ್, ಐವತ್ತು ಡಾಲರ್" ಎಂದು ಮುಂಗಡ ಕೊಟ್ಟರಾಯಿತು, ಮಿಕ್ಕಿದ್ದು ವಾಪಸು ಬರುತ್ತದೆ. ನಕ್ಷೆಯನ್ನೂ ಇಲ್ಲೇ ಇಳಿಸಿಕೊಳ್ಳಿ, ಮುಂದಿನ ದಾರಿಯಲ್ಲಿ ಸಿಗ್ನಲ್ ಬಿಟ್ಟು ಬಿಟ್ಟು ಬರುತ್ತದೆ. 98ನೇ ರಾಜ್ಯ ಹೆದ್ದಾರಿ, ಆಮೇಲೆ 160, ಕಯೆಂಟಾದಲ್ಲಿ ಎಡಕ್ಕೆ 163: ಒಟ್ಟು ಸುಮಾರು 125 ಮೈಲಿ, ಎರಡೂಕಾಲು ಗಂಟೆ. ಹನ್ನೆರಡೂವರೆಗೆ ಹೊರಟರೆ ತಲುಪುವುದು ನಮ್ಮ ಗಡಿಯಾರಕ್ಕೆ ಎರಡೂಮುಕ್ಕಾಲಿಗೆ, ಅವರದಕ್ಕೆ ಅದೇ ಮೂರೂಮುಕ್ಕಾಲು.

ಮಾನ್ಯುಮೆಂಟ್ ವ್ಯಾಲಿಯೊಳಗಿನ 17 ಮೈಲಿ ಸುತ್ತು ಮಣ್ಣಿನ ದಾರಿ. ತಗ್ಗು, ಮರಳು, ಚೂಪು ಕಲ್ಲು. ಬಾಡಿಗೆ ವ್ಯಾನಿನ ಕರಾರು ಓದಿ: ಟಾರಿಲ್ಲದ ರಸ್ತೆಗೆ ಇಳಿಸಿದರೆ ವಿಮೆ ಇಲ್ಲ ಎಂಬ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ವ್ಯಾನನ್ನು ಮೇಲೆ ನಿಲ್ಲಿಸಿ ನವಾಹೋ ಗೈಡ್‌ಗಳ ತೆರೆದ ಗಾಡಿ ಹಿಡಿಯುವುದು ನನ್ನ ಮಟ್ಟಿಗೆ ಸರಿ. ಸ್ವಂತ ಗಾಡಿಗೆ ಮುಚ್ಚಿದ ಒಳದಾರಿಗಳಿಗೂ ಅವರು ಕರೆದೊಯ್ಯುತ್ತಾರೆ. ಧೂಳಿಗೆ ಒಂದು ಟವೆಲ್ ಜೊತೆಗಿರಲಿ. ಡ್ರೋನ್ ಹಾರಿಸುವಂತಿಲ್ಲ, ನವಾಹೋ ನೇಷನ್‌ನಲ್ಲಿ ಸಾಮಾನ್ಯವಾಗಿ ಮದ್ಯ ಮಾರುವುದೂ ಕುಡಿಯುವುದೂ ನಿಷಿದ್ಧ, ಡಿಕ್ಕಿಯಲ್ಲಿದ್ದ ಬಿಯರ್‌ಗೂ ಅದೇ ಮಾತು.

ಮೇ ಮಧ್ಯದಲ್ಲಿ ಅಲ್ಲಿ ಸೂರ್ಯ ಮುಳುಗುವುದು ಎಂಟೂಕಾಲಕ್ಕೆ, ಅವರ ಸಮಯದಲ್ಲಿ. ಮುಳುಗಿದ ತಕ್ಷಣ ಹೊರಟುಬಿಡಿ. ರಸ್ತೆ ಬದಿಗೆ ಬೇಲಿ ಇಲ್ಲದ ಕಡೆ ಕುದುರೆ, ದನ ಕತ್ತಲಲ್ಲಿ ಟಾರಿನ ಮೇಲೇ ನಿಂತಿರುತ್ತವೆ. ಕಪ್ಪು ಕುದುರೆ ದೀಪದ ಬೆಳಕಿಗೆ ಕಾಣುವುದೇ ತೀರ ಹತ್ತಿರ ಬಂದಾಗ. ಕಯೆಂಟಾಕ್ಕೆ 25 ಮೈಲಿ ಇದೆ, 65ರ ಫಲಕ ಇದ್ದರೂ 45ರ ಮೇಲೆ ಹೋಗಬೇಡಿ. ಪಕ್ಕದ ಸೀಟಿನವರು ನಿದ್ದೆ ಮಾಡದೆ ಬಲ ಅಂಚನ್ನೇ ನೋಡುತ್ತಿರಲಿ. ಊರು ಮುಟ್ಟುವ ಹೊತ್ತಿಗೆ ಹೋಟೆಲಿನ ಅಡುಗೆಮನೆ ಮುಚ್ಚಿರಬಹುದು. ಮೊಸರನ್ನದ ಡಬ್ಬಿ ಸೀಟಿನ ಕೆಳಗಿದೆ, ಉಪ್ಪಿನಕಾಯಿ ಬಾಟಲಿ ಮಾತ್ರ ಬೆಳಿಗ್ಗೆ ಪೇಜ್‌ನ ಕೋಣೆಯ ಫ್ರಿಜ್‌ನಲ್ಲೇ ಬಿಟ್ಟು ಬರದ ಹಾಗೆ ನೋಡಿಕೊಳ್ಳಿ.